ಫಿಯೆಟ್ಟಿನ ಕಾರ್ಬೊರೇಟರ್ ಬಿಚ್ಚಿದ ಭಾನುವಾರ

ಕಾಫಿ ಸೀಮೆಯ ಮನೆಗಳಿಗೆ ಹೋದರೆ ಮೊದಲು ಶೆಡ್ಡು ನೋಡಬೇಕು. ಜಗಲಿಯಲ್ಲಿ ಇರೋದು ನೆಂಟರಿಗೆ ತೋರಿಸೋ ಸಂಸಾರ, ಶೆಡ್ಡಿನಲ್ಲಿ ಇರೋದು ಅಸಲಿ ಸಂಸಾರ. ಹಲ್ಲು ಸವೆದ ಪಲ್ಪರಿನ ಚಕ್ರ, ಇಲಿ ಕಡಿದ ಗೋಣಿಚೀಲದ ಕಟ್ಟು, ಅರ್ಧ ಉಳಿದ ಮೈಲುತುತ್ತದ ಡಬ್ಬ, ಯಾವತ್ತೋ ಬೇಕಾಗುತ್ತೆ ಅಂತ ಎತ್ತಿಟ್ಟ ಪೈಪಿನ ತುಂಡುಗಳು. ಇವೆಲ್ಲದರ ಹಿಂದೆ, ಎಷ್ಟೋ ಮನೆಗಳಲ್ಲಿ, ಟಾರ್ಪಾಲು ಹೊದ್ದು ಮಲಗಿರೋ ಒಂದು ಗಾಡಿ. ಹೆಚ್ಚಿನ ಕಡೆ ಅದು ಜೀಪು. ನಮ್ಮಲ್ಲಿ ಫಿಯೆಟ್ಟು.

ಕಾಗದದ ಪ್ರಕಾರ ಅದು ಪ್ರೀಮಿಯರ್ ಪದ್ಮಿನಿ, 1995ರ ಮಾಡೆಲ್, ಕೆಎ-13. ಇಟಲಿಯ ಫಿಯೆಟ್ 1100ರ ಲೈಸೆನ್ಸ್ ಪಡೆದು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮಾಡ್ತಿದ್ದ ಕಾರು. ಪದ್ಮಿನಿ ಅನ್ನೋ ಹೆಸರು ಬಂದಿದ್ದು ಎಪ್ಪತ್ತರ ದಶಕದಲ್ಲಿ. ಹೆಸರು ಬದಲಾಗಿದ್ದು ಕಂಪನಿಗೆ ಮಾತ್ರ ಗೊತ್ತಾಯ್ತೇನೋ, ನಮ್ಮೂರಿನ ಕಡೆ ಪದ್ಮಿನಿ ಅಂದರೆ ಯಾರ ಮನೆ ಹುಡುಗಿ ಅಂತ ಕೇಳ್ತಾರೆ. 1089 ಸಿಸಿ ಇಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಬೆಂಚಿನ ಹಾಗೆ ಒಂದೇ ಉದ್ದದ ಸೀಟು. ಆ ಮುಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ಮಧ್ಯೆ ನಾನು. ಹಿಂದೆ ಅಜ್ಜಿ, ಮೆಣಸಿನ ಮೂಟೆ, ಒಂದೊಂದ್ಸಲ ಕೋಳಿ.

ಅಪ್ಪ ಈ ಕಾರು ತಗೊಂಡ ಕಾಲವೇ ಬೇರೆ. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟು ಹೋಯ್ತು, ಜಗತ್ತಿನಲ್ಲೆಲ್ಲ ಕಾಫಿ ರೇಟು ಏರಿತು. ಅದೇ ಸುಮಾರಿಗೆ ನಮ್ಮಲ್ಲಿ ಬೆಳೆದದ್ದೆಲ್ಲ ಕಾಫಿ ಬೋರ್ಡಿಗೇ ಕೊಡಬೇಕು ಅನ್ನೋ ಕಟ್ಟು ಸಡಿಲವಾಗಿ ಸಣ್ಣ ಬೆಳೆಗಾರರೂ ತಾವೇ ಮಾರೋ ಹಾಗಾಯ್ತು. ಯಾವುದೋ ದೇಶದ ಚಳಿ ನಮ್ಮ ಸಕಲೇಶಪುರ, ಆಲೂರಿನ ಕಡೆ ಹೆಂಚಿನ ಮನೆಗಳ ಮೇಲೆ ತಾರಸಿಯಾಯ್ತು, ಅಂಗಳದಲ್ಲಿ ಕಾರಾಯ್ತು. ಆಮೇಲೆ ರೇಟು ಇಳೀತು. ತಾರಸಿ ಸೋರೋಕೆ ಶುರುವಾಯ್ತು. ಕಾರು ಉಳೀತು.

ಈಗ ಅಪ್ಪನಿಗೆ ಎಪ್ಪತ್ತೆಂಟು. ಎರಡು ವರ್ಷದಿಂದ ಬಲಗೈ ನಡುಗುತ್ತೆ. ಕಾಫಿ ಲೋಟ ಹಿಡಿಯೋವಾಗ ಎಡಗೈ ಜೊತೆಗೆ ಬರುತ್ತೆ. ಅವರು ಗಾಡಿ ಓಡಿಸೋದು ಬಿಟ್ಟಿದ್ದು ಯಾರಿಗೂ ಹೇಳದೆ. ಒಂದು ದಿನ ಕೀಲಿ ತಂದು ದೇವರ ಮನೆಯ ಗೂಡಿನಲ್ಲಿ ಇಟ್ಟರು, ಅಷ್ಟೇ. ನಾನು ಆಗಾಗ ಆಲೂರಿನ ತನಕ ಓಡಿಸ್ತಿದ್ದೆ. ಆದರೆ 2025ರ ಮಳೆಗಾಲ ಜೂನ್ ತಿಂಗಳಿಗೂ ಕಾಯಲಿಲ್ಲ. ಮೇ ಕೊನೆಗೇ ಹಿಡಿದುಕೊಂಡಿತು. ನಮ್ಮ ಮಣ್ಣಿನ ಏರಿನಲ್ಲಿ ಪಿಕಪ್ ಹತ್ತಿಸೋದೇ ಕಷ್ಟ, ಫಿಯೆಟ್ಟು ಶೆಡ್ಡಿನಲ್ಲೇ ಉಳೀತು. ಅಕ್ಟೋಬರಿನಲ್ಲಿ ಟಾರ್ಪಾಲು ತೆಗೆದು ಕೀಲಿ ತಿರುಗಿಸಿದರೆ ಸ್ಟಾರ್ಟರು ತಿರುಗುತ್ತೆ, ಇಂಜಿನ್ ಹಿಡಿಯೋದಿಲ್ಲ. ಚೋಕ್ ಎಳೆದರೆ ಎರಡು ಸಲ ಕೆಮ್ಮುತ್ತೆ, ಮತ್ತೆ ಮೌನ.

ಆ ರಾತ್ರಿ ಊಟದ ಹೊತ್ತಿಗೆ ಅಪ್ಪ ಹೇಳಿದರು, "ನವೆಂಬರಿಗೆ ಆರ್‌ಸಿ ಮುಗೀತದೆ. ಅಷ್ಟರೊಳಗೆ ಓಡಿದ್ರೆ ಸರಿ. ಇಲ್ಲಾಂದ್ರೆ ಗುಜರಿಯೋನಿಗೆ ಹೇಳಿಬಿಡು. ಓಡದೇ ಇರೋ ಗಾಡಿ ಮನೇಲಿ ಇಟ್ಕೋಬಾರ್ದು."

ಆರ್‌ಸಿ ಲೆಕ್ಕ ಗೊತ್ತಲ್ಲ, ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯ್ತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಗಾಡಿ ತನ್ನ ಕಾಲ ಮೇಲೆ ತಾನೇ ಹೋಗಿ ಇನ್‌ಸ್ಪೆಕ್ಟರ ಮುಂದೆ ನಿಲ್ಲಬೇಕು. ಗುಜರಿಯವನು ಕೊಡ್ತೀನಿ ಅಂದ ದುಡ್ಡಿಗೂ ಈ ಖರ್ಚಿಗೂ ತಾಳೆ ಹಾಕಿದರೆ ಅಪ್ಪನ ಮಾತು ಸರಿಯೇ.

ನನಗೆ ನಿದ್ದೆ ಬರದ ಹಾಗೆ ಮಾಡಿದ್ದು ಆ ಮಾತಲ್ಲ. ಹಿಂದಿನ ವಾರವಷ್ಟೇ ಬ್ರೋಕರ್ ಒಬ್ಬರು ಜಗಲಿಯಲ್ಲಿ ಕೂತು ಟೀ ಕುಡಿದು ಹೋಗಿದ್ದರು, ಬೆಂಗಳೂರಿನವರು ಯಾರೋ ಹೋಂಸ್ಟೇ ಮಾಡೋಕೆ ಹತ್ತು ಎಕರೆ ಹುಡುಕ್ತಿದ್ದಾರಂತೆ. ಅವರು ಹೋದ ಮೇಲೆ ಅಪ್ಪ ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು: "ನಡೆಸೋರು ಇಲ್ದೇ ಹೋದ್ರೆ ಇಟ್ಕೊಂಡು ಏನ್ಮಾಡೋದು?" ನಾನು ಬೆಂಗಳೂರು ಬಿಟ್ಟು ಬಂದು ಆರು ವರ್ಷವಾಗಿತ್ತು. ಸಂಬಳದ ಪುಸ್ತಕ ಬರೆಯೋಳು ನಾನು, ಬ್ಯಾಂಕಿಗೆ ಹೋಗೋಳು ನಾನು, ಕುಯ್ಲಿನಲ್ಲಿ ಕಣದ ಹತ್ತಿರ ನಿಲ್ಲೋಳು ನಾನು. ಆದರೂ "ನಡೆಸೋರು" ಅನ್ನೋ ಪದದೊಳಗೆ ನಾನು ಇರಲಿಲ್ಲ. ಯಾಕಂದರೆ ಮೋಟಾರು ಕೆಟ್ಟರೆ, ಸ್ಪ್ರಿಂಕ್ಲರ್ ಜಾಯಿಂಟು ಸೋರಿದರೆ, ವೀಡ್ ಕಟರ್ ನಿಂತರೆ ಅಪ್ಪ ಕೇಳ್ತಿದ್ದದ್ದು "ಯಾರನ್ನ ಕರೆಸೋಣ?" ಅಂತ. ನನ್ನನ್ನೇ ಕೇಳ್ತಿದ್ದರು, ಆದರೆ ನಾನು ಫೋನ್ ಮಾಡೋಳು ಅನ್ನೋ ಲೆಕ್ಕದಲ್ಲಿ.

ಆ ಅಭ್ಯಾಸದಂತೆ ಮರುದಿನ ಬೆಳಿಗ್ಗೆ ಸಕಲೇಶಪುರದ ಸಾಬ್ರಿಗೆ ಫೋನ್ ಮಾಡಿದೆ. ಬಿ.ಎಂ. ರೋಡಿನಿಂದ ಒಳಗೆ ಒಂದು ಗಲ್ಲಿಯಲ್ಲಿ ಅವರ ಗ್ಯಾರೇಜು. ಕಾರು ಬಂದ ದಿನದಿಂದ ಅದಕ್ಕೆ ಕೈ ಹಾಕಿದವರು ಅವರೊಬ್ಬರೇ. ಅವರಿಗೂ ವಯಸ್ಸಾಗಿದೆ, ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ದೂರದ ಕೆಲಸಕ್ಕೆ ಬರೋದು ನಿಲ್ಲಿಸಿದ್ದಾರೆ.

"ಕೆಮ್ಮಿ ನಿಲ್ತದಾ? ಪ್ಲಗ್ಗಿನಲ್ಲಿ ಕಿಡಿ ಬರ್ತದಾ?"

ಪ್ಲಗ್ ಬಿಚ್ಚಿ ಕಿಡಿ ನೋಡೋದು ನನಗೆ ಬರುತ್ತಿತ್ತು. ಬರ್ತದೆ ಅಂದೆ.

"ಹಂಗಾದ್ರೆ ಕಾರ್ಬೇಟರು ಕಣಮ್ಮ. ಗಾಡಿ ಎಳೆಸ್ಕೊಂಡು ಬರಬೇಡ, ಸುಮ್ನೆ ದುಡ್ಡು ದಂಡ. ಕಾರ್ಬೇಟರ್ ಬಿಚ್ಚಿ ಚೀಲದಲ್ಲಿ ಹಾಕ್ಕೊಂಡು ಬಸ್ಸಲ್ಲಿ ಬಾ."

"ಯಾರು ಬಿಚ್ಚೋದು ಸಾಬ್ರೇ?"

"ನೀನೇ. ಎರಡೇ ನಟ್ಟು ಅದಕ್ಕೆ. ಗಡಿಬಿಡಿ ಮಾಡಬೇಡ, ಬಿಚ್ಚಿದ್ದೆಲ್ಲ ಬಿಚ್ಚಿದ ಸಾಲಲ್ಲೇ ಇಡು. ಅಷ್ಟೇ ಇರೋದು."

ಅಷ್ಟೇ ಇರೋದು ಅಂತ ಅವರು ಹೇಳಿದ ರೀತಿಯಲ್ಲಿ ನನಗೆ ಅರ್ಧ ಧೈರ್ಯ ಬಂತು. ಇನ್ನರ್ಧಕ್ಕೆ ಓದಿಕೊಂಡೆ. ಯಾವುದನ್ನು ಬಿಚ್ತಾ ಇದ್ದೀನಿ ಅಂತ ಗೊತ್ತಿಲ್ಲದೆ ಪಾನ ಹಿಡಿಯೋಕೆ ಮನಸ್ಸಾಗಲಿಲ್ಲ.

ಓದಿದ್ದನ್ನ ಅಮ್ಮನಿಗೆ ಹೇಳಿದ ಹಾಗೇ ನಿಮಗೂ ಹೇಳ್ತೀನಿ. ಪೆಟ್ರೋಲ್ ನೀರಿನ ಹಾಗಿದ್ದಾಗ ಇಂಜಿನ್ನಿಗೆ ಉಪಯೋಗವಿಲ್ಲ. ಮಂಜಿನ ಹಾಗೆ ಸಣ್ಣ ಹನಿಯಾಗಿ ಗಾಳಿಯಲ್ಲಿ ಬೆರೆಯಬೇಕು. ಆ ಬೆರೆಸೋ ಪಾತ್ರೆಯೇ ಕಾರ್ಬೊರೇಟರ್. ಒಂದು ಪಕ್ಕದಲ್ಲಿ ಪುಟ್ಟ ತೊಟ್ಟಿ, ಅದರಲ್ಲಿ ತೇಲುಬುಂಡೆ. ನಮ್ಮ ಬಚ್ಚಲು ಮನೆಯ ಮೇಲಿನ ಟ್ಯಾಂಕಿನಲ್ಲಿ ಇರುತ್ತಲ್ಲ, ಅದೇ ಉಪಾಯ: ಪೆಟ್ರೋಲ್ ತುಂಬಿದರೆ ಬುಂಡೆ ಏರಿ ಸೂಜಿಯಿಂದ ಬಾಯಿ ಮುಚ್ಚುತ್ತೆ, ಇಳಿದರೆ ತೆರೆಯುತ್ತೆ. ಇನ್ನೊಂದು ಪಕ್ಕದಲ್ಲಿ ಗಾಳಿ ಹೋಗೋ ಕೊಳವೆ, ಅದರ ನಡು ಸಣ್ಣ. ಅಗಲದ ಹೊಳೆ ಬಂಡೆಗಳ ನಡುವೆ ಇಕ್ಕಟ್ಟಾದಾಗ ಓಟ ಹೆಚ್ಚಾಗುತ್ತಲ್ಲ, ಗಾಳಿಯೂ ಹಾಗೇ. ಓಡೋ ಗಾಳಿಯ ಒತ್ತಡ ಕಡಿಮೆ, ಆ ಎಳೆತಕ್ಕೆ ತೊಟ್ಟಿಯ ಪೆಟ್ರೋಲ್ ಜೆಟ್ ಅನ್ನೋ ಹಿತ್ತಾಳೆ ತೂತಿನಿಂದ ಚಿಮ್ಮಿ ಬರುತ್ತೆ. ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್ 1893ರಲ್ಲಿ ಕಂಡುಕೊಂಡ ದಾರಿ ಇದು. ನೂರು ವರ್ಷಕ್ಕೂ ಹೆಚ್ಚು ಕಾಲ ಕಾರುಗಳು ಉಸಿರಾಡಿದ್ದು ಹೀಗೆ. ನಮ್ಮ ದೇಶದಲ್ಲಿ 2000ದ ಹೊಗೆ ನಿಯಮ ಬಂದ ಸುಮಾರಿಗೆ ಹೊಸ ಕಾರುಗಳು ಕಾರ್ಬೊರೇಟರ್ ಬಿಟ್ಟವು. 2020ರಲ್ಲಿ ಬಿಎಸ್-6 ಬಂದ ಮೇಲೆ ಬೈಕುಗಳೂ ಬಹುತೇಕ ಬಿಟ್ಟವು. ಈಗ ಆ ಕೆಲಸ ಕಂಪ್ಯೂಟರಿನದು.

ಅಮ್ಮ ಎಲ್ಲ ಕೇಳಿ, "ಒಗ್ಗರಣೆ ಹದದ ಹಂಗೆ ಅನ್ನು" ಅಂದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರೋದಿಲ್ಲ.

ಭಾನುವಾರ ಆಳುಗಳಿಗೆ ರಜಾ. ಬೆಳಿಗ್ಗೆ ಒಂಬತ್ತಕ್ಕೆ ಅಪ್ಪನ ಸಾಮಾನಿನ ಪೆಟ್ಟಿಗೆ ಎಳೆದು ತಂದೆ. ಮರದ ಪೆಟ್ಟಿಗೆ, ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಪಾನಗಳು. ಅಪ್ಪ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಶೆಡ್ಡಿಗೂ ಜಗಲಿಗೂ ಇಪ್ಪತ್ತು ಹೆಜ್ಜೆ. ಬರ್ತೀರಾ ಅಂತ ಕರೆದೆ. "ನಂಗೇನು ಕೆಲ್ಸ ಅಲ್ಲಿ?" ಅಂದರು. ಪೇಪರು ತಿರುವಲಿಲ್ಲ.

ಬಾನೆಟ್ ಎತ್ತಿದೆ. ಮೊದಲು ಫೋನಿನಲ್ಲಿ ಎಲ್ಲ ಕೋನದಿಂದಲೂ ಫೋಟೊ ತೆಗೆದೆ. ಯಾವ ಪೈಪು ಎಲ್ಲಿಂದ ಬರುತ್ತೆ, ಯಾವ ಸ್ಪ್ರಿಂಗು ಯಾವ ತೂತಿಗೆ ಅಂತ. ಗೋಡೆಗೆ ಒರಗಿಸಿದ್ದ ಕಾಫಿ ಒಣಗಿಸೋ ಜಾಲರಿ ತಟ್ಟೆಯ ಮೇಲೆ ಹಳೇ ಬಿಳಿ ಪಂಚೆ ಹಾಸಿದೆ, ಬಿಚ್ಚಿದ್ದನ್ನ ಸಾಲಾಗಿ ಇಡೋಕೆ. ಅಷ್ಟರಲ್ಲಿ ಅಮ್ಮ ಸೆರಗು ಒರೆಸಿಕೊಳ್ತಾ ಬಂದರು.

"ನಿಮ್ಮಪ್ಪ ಹೇಳ್ತಾ ಇದಾರೆ, ಬ್ಯಾಟ್ರಿ ವಯರ್ ಮೊದ್ಲು ತೆಗೀಬೇಕಂತೆ. ಮೈನಸ್ಸಂತೆ."

ತೆಗೆದಿದ್ದೆ. ತೆಗ್ದಿದೀನಿ ಅಂತ ಹೇಳು ಅಂದೆ. ಅಮ್ಮ ಹೋದರು. ಏರ್ ಕ್ಲೀನರಿನ ಡಬ್ಬ ಬಿಚ್ಚಿ ಎತ್ತಿದೆ. ಒಳಗಡೆ ಮೂಲೆಯಲ್ಲಿ ಕಣಜದ ಹುಳ ಕಟ್ಟಿದ ಮಣ್ಣಿನ ಗೂಡು, ಬೆರಳಿನ ತುದಿಯಷ್ಟು. ಮಲೆನಾಡಿನಲ್ಲಿ ನಾಲ್ಕು ತಿಂಗಳು ಒಂದು ತೂತು ಖಾಲಿ ಇದ್ದರೆ ಯಾರಾದರೂ ಬಂದು ಸಂಸಾರ ಹೂಡ್ತಾರೆ.

ಅಮ್ಮ ಮತ್ತೆ ಬಂದರು. "ಪೆಟ್ರೋಲ್ ಪೈಪು ತೆಗೆಯೋಕೆ ಮುಂಚೆ ಕೆಳಗೆ ಬಟ್ಟೆ ಹಾಕ್ಬೇಕಂತೆ. ಬಚ್ಚಲೊಲೆ ಉರೀತಿದೆ, ಆ ಬಟ್ಟೆ ತಗೊಂಡು ಆ ಕಡೆ ಸುಳೀಬೇಡ್ವಂತೆ. ಇದು ನಾನು ಹೇಳ್ತಿರೋದು."

ಪಂಪಿನಿಂದ ಬರೋ ಪೆಟ್ರೋಲ್ ಪೈಪನ್ನ ಕಳಚಿದೆ, ಅದರ ಬಾಯಿಗೆ ಒಂದು ಪೆನ್ಸಿಲ್ ತುಂಡು ಸಿಕ್ಕಿಸಿದೆ. ಬಟ್ಟೆಗೆ ಇಳಿದ ಪೆಟ್ರೋಲ್ ವಾಸನೆ ಪೆಟ್ರೋಲಿನ ಹಾಗೆ ಇರಲಿಲ್ಲ. ಹಳೇ ವಾರ್ನಿಷ್ ಡಬ್ಬ ತೆಗೆದ ಹಾಗೆ. ಆಮೇಲೆ ಚೋಕಿನ ಕೇಬಲ್: ಒಂದು ಸಣ್ಣ ಸ್ಕ್ರೂ ಸಡಿಲ ಮಾಡಿದರೆ ತಂತಿ ಜಾರಿ ಬರುತ್ತೆ. ಆಮೇಲೆ ಆಕ್ಸಿಲರೇಟರಿನ ಕಡ್ಡಿ, ಅದರ ಸ್ಪ್ರಿಂಗು. ಸ್ಪ್ರಿಂಗು ಬಿಚ್ಚೋವಾಗ ಅದರ ಮೇಲೊಂದು ಬಟ್ಟೆ ಹಿಡಿದುಕೊಂಡೆ, ಹಾರಿ ಕಾಫಿ ಗಿಡದೊಳಗೆ ಬಿದ್ದರೆ ಮುಂದಿನ ಕುಯ್ಲಿನ ತನಕ ಹುಡುಕಬೇಕು.

ಉಳಿದದ್ದು ಸಾಬ್ರು ಹೇಳಿದ ಎರಡು ನಟ್ಟು. ಕಾರ್ಬೊರೇಟರ್ ಇಂಜಿನ್ ಮೇಲೆ ಎರಡು ಸ್ಟಡ್ಡುಗಳನ್ನು ಹಿಡಿದು ಕೂತಿರುತ್ತೆ, ಎರಡಕ್ಕೂ 13ರ ನಟ್ಟು. ಕಾಣಿಸೋ ಪಕ್ಕದ್ದು ಒಂದೇ ಎಳೆತಕ್ಕೆ ಬಂತು. ಇನ್ನೊಂದು ಇಂಜಿನ್ ಕಡೆಗೆ, ಕಡ್ಡಿಗಳ ಹಿಂದೆ, ಕಣ್ಣಿಗೆ ಬೀಳೋದೇ ಇಲ್ಲ. ಬೆರಳಿನಿಂದ ಮುಟ್ಟಿ ತಿಳೀಬೇಕು. ಪಾನ ಹಾಕಿದರೆ ತಿರುಗಿಸೋಕೆ ಜಾಗವಿಲ್ಲ. ಹಾಕಿ ಎಳೆದೆ, ಅಲುಗಲಿಲ್ಲ. ಮತ್ತೆ ಎಳೆದೆ. ತುಕ್ಕು ಹಿಡಿದಿತ್ತು.

ಇನ್ನೂ ಬಲ ಹಾಕೋಣ ಅನ್ನಿಸಿ, ಸ್ಟಡ್ಡು ಮುರಿದರೆ ಅಂತ ಭಯವಾಗಿ ಸುಮ್ಮನೆ ನಿಂತೆ. ಸದ್ದು ನಿಂತಿದ್ದು ಜಗಲಿಗೆ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಅಮ್ಮ ಒಂದು ಬಟ್ಟಲು ಹಿಡಿದು ಬಂದರು.

"ಡೀಸೆಲ್ಲು. ಹಕ್ಕಿ ಗರಿಯಲ್ಲಿ ನಟ್ಟಿನ ಬುಡಕ್ಕೆ ಬಿಟ್ಟು ರೊಟ್ಟಿ ತಿಂದು ಬರ್ಬೇಕಂತೆ. ಆಮೇಲೆ ಮೊದ್ಲು ಬಿಗಿ ಮಾಡೋ ಕಡೆ ಒಂಚೂರು ತಿರುಗ್ಸಿ, ಆಮೇಲೆ ಬಿಚ್ಚಬೇಕಂತೆ."

ಬಿಚ್ಚೋಕೆ ಮೊದಲು ಬಿಗಿ ಮಾಡೋದು ಯಾವ ವಿಡಿಯೊದಲ್ಲೂ ನಾನು ನೋಡಿರಲಿಲ್ಲ. ಜಗಲಿಗೆ ಹೋಗಿ ಅಕ್ಕಿ ರೊಟ್ಟಿ ತಿಂದೆ. ಅಪ್ಪ ಎದುರಿಗೇ ಇದ್ದರು. ನಟ್ಟಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರ ಬಲಗೈ ಪೇಪರಿನ ಕೆಳಗೆ ಇತ್ತು, ಪೇಪರಿನ ಅಂಚು ಸಣ್ಣಗೆ ಅದುರ್ತಾ ಇತ್ತು. ಅವರು ಶೆಡ್ಡಿಗೆ ಯಾಕೆ ಬರಲಿಲ್ಲ ಅಂತ ನನಗೆ ಆಗ ಅರ್ಥವಾಯ್ತು. ಬಂದರೆ ಪಾನ ಇಸ್ಕೊಳ್ಳದೆ ಇರೋಕೆ ಆಗ್ತಿರಲಿಲ್ಲ. ಇಸ್ಕೊಂಡರೆ ಆ ಕೈ ಎಲ್ಲರ ಎದುರಿಗೆ ಬರ್ತಿತ್ತು.

ಅರ್ಧ ಗಂಟೆ ಬಿಟ್ಟು ಹೋಗಿ ಪಾನ ಹಾಕಿ ಬಿಗಿ ಕಡೆಗೆ ಒತ್ತಿದೆ. ಟಕ್ ಅಂತ ಒಂದು ಸಣ್ಣ ಸದ್ದು. ತುಕ್ಕು ಬಿಟ್ಟಿತು. ಅಲ್ಲಿಂದ ಮುಂದೆ ಪಾನ ಹಾಕೋದು, ಬೆರಳಗಲ ತಿರುಗಿಸೋದು, ತೆಗೆಯೋದು, ಮಗುಚಿ ಹಾಕೋದು. ಒಂದು ನಟ್ಟಿಗೆ ಮುಕ್ಕಾಲು ಗಂಟೆ. ಕೊನೆಗೆ ಅದು ಬೆರಳಿಗೆ ಬಂತು. ಕಾರ್ಬೊರೇಟರನ್ನ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೇರ ಮೇಲಕ್ಕೆ ಎತ್ತಿದೆ. ಕೆಳಗಿನ ಗ್ಯಾಸ್ಕೆಟ್ ಅರ್ಧ ಅದಕ್ಕೆ, ಅರ್ಧ ಇಂಜಿನ್ನಿಗೆ ಅಂಟಿಕೊಂಡಿತ್ತು. ತೆರೆದ ಬಾಯೊಳಗೆ ಏನೂ ಬೀಳದ ಹಾಗೆ ಸ್ವಚ್ಛವಾದ ಬಟ್ಟೆ ತುರುಕಿದೆ. ಕೈಯಲ್ಲಿ ಇದ್ದದ್ದು ಒಂದು ಸೇರಿನಷ್ಟು ಗಾತ್ರದ ಬೂದು ಬಣ್ಣದ ವಸ್ತು, ಮೈಮೇಲೆ ಸೋಲೆಕ್ಸ್ ಅಂತ ಅಚ್ಚು. ನಾನು ಅದನ್ನ ಮೂವತ್ತು ವರ್ಷ ಕೂತು ಓಡಾಡಿದ್ದೀನಿ, ಮುಖ ನೋಡಿದ್ದು ಅವತ್ತೇ.

ಸೋಮವಾರ ಹಳೇ ಟಿಫಿನ್ ಕ್ಯಾರಿಯರಿನ ಚೀಲದಲ್ಲಿ ಅದನ್ನ ಹಾಕ್ಕೊಂಡು ಬಸ್ ಹತ್ತಿದೆ. ಪೆಟ್ರೋಲೆಲ್ಲ ಬಗ್ಗಿಸಿ ಒಂದು ರಾತ್ರಿ ಹೊರಗೆ ಗಾಳಿಗೆ ಇಟ್ಟಿದ್ದರೂ ಪಕ್ಕದಲ್ಲಿ ಕೂತ ಹೆಂಗಸು ಮೂಗು ಮುಚ್ಚಿಕೊಂಡು ಬಾಳ್ಳುಪೇಟೆಯಲ್ಲಿ ಸೀಟು ಬದಲಾಯಿಸಿದರು.

ಸಾಬ್ರು ಅದನ್ನ ಬೆಂಚಿನ ಮೇಲೆ ಇಟ್ಟುಕೊಂಡು ಮೊದಲು ಕಣ್ಣಿನಿಂದ ನೋಡಲಿಲ್ಲ, ಬೆರಳಾಡಿಸಿದರು. ಮೇಲಿನ ಮುಚ್ಚಳ ತೆಗೆದು ತೊಟ್ಟಿ ನನ್ನ ಕಡೆ ತಿರುಗಿಸಿದರು. ತಳದಲ್ಲಿ ಬಿಳೀ ಪುಡಿ, ಸುಣ್ಣ ಕಟ್ಟಿದ ಹಾಗೆ. ಹಿತ್ತಾಳೆಯ ಜೆಟ್ಟಿನ ಸುತ್ತ ಹಸಿರು. ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸೋ ಪುಟ್ಟ ಪಂಪಿನ ರಬ್ಬರ್ ಪೊರೆಯನ್ನ ಮಡಿಸಿದರು, ಅದು ಮುರೀತು.

"ಬಿಸ್ಕತ್ ಆಗಿದೆ ನೋಡು. ಮುಂಚೆ ಗಾಡಿ ಎರಡು ವರ್ಷ ನಿಲ್ಸಿದ್ರೂ ಇಷ್ಟು ಆಗ್ತಿರಲಿಲ್ಲ. ಈಗ ಪೆಟ್ರೋಲು ನೀರು ಕುಡೀತದೆ."

ಅವರು ಹೇಳಿದ್ದು ಎಥನಾಲ್ ವಿಷಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು; 2025ರ ಹೊತ್ತಿಗೆ ಬಂಕುಗಳಲ್ಲಿ ಸಿಗೋ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್. ಕಬ್ಬು, ಜೋಳ, ಅಕ್ಕಿಯಿಂದ ಬರೋ ಸಾರಾಯಿಯೇ ಅದು. ಆಮದು ಎಣ್ಣೆ ಉಳಿಯುತ್ತೆ, ಹೊಸ ಗಾಡಿಗಳನ್ನ ಅದಕ್ಕೆ ತಕ್ಕ ಹಾಗೇ ಮಾಡ್ತಾರೆ. ಆದರೆ ಎಥನಾಲ್‌ಗೆ ಗಾಳಿಯ ತೇವ ಎಳೆದುಕೊಳ್ಳೋ ಗುಣ. ತೇವ ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳೀತವೆ. ಹಳೇ ಕಾರ್ಬೊರೇಟರಿನ ತೊಟ್ಟಿಗೆ ಗಾಳಿ ಆಡೋ ತೂತು ಇರುತ್ತೆ, ಮೈ ಸತುವಿನ ಮಿಶ್ರಲೋಹ, ಒಳಗಿನ ರಬ್ಬರು ಇದನ್ನ ತಡೆಯೋಕೆ ಅಂತ ಮಾಡಿದ್ದಲ್ಲ. ಅದಕ್ಕೆ ನಮ್ಮ ಮಳೆಗಾಲ ಸೇರಿಸಿ: ಬೀರುವಿನಲ್ಲಿರೋ ಚಪ್ಪಲಿಗೂ ಬೂಸ್ಟು ಬರೋ ಊರು ನಮ್ಮದು. ಮೇ ತಿಂಗಳಿಂದ ಅಕ್ಟೋಬರಿನ ತನಕ ಆ ತೊಟ್ಟಿ ಗಾಳಿಯ ನೀರು ಕುಡೀತಾ ಕೂತಿತ್ತು.

ಇನ್ನೊಂದು ವಿಷಯವನ್ನೂ ಸಾಬ್ರು ಹೇಳಿದರು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು, ಎಥನಾಲ್‌ಗೆ ಸುಮಾರು 9 ಸಾಕು ಅನ್ನೋ ಲೆಕ್ಕ ನಾನು ಓದಿದ್ದೆ. ಹಾಗಾಗಿ ಜೆಟ್ ಅದೇ ಇದ್ದರೂ ಹೊಸ ಪೆಟ್ರೋಲಿನಲ್ಲಿ ಮಿಶ್ರಣ ತೆಳುವಾಗುತ್ತೆ. ಅವರು ಲೆಕ್ಕ ಹೇಳಲಿಲ್ಲ. "ಸಕಲೇಶಪುರ ಎತ್ತರ, ಇಲ್ಲಿ ಗಾಳಿ ತೆಳು, ಅದಕ್ಕೆ ಗಾಡಿ ಸ್ವಲ್ಪ ಜಾಸ್ತಿ ಕುಡೀತದೆ. ಈ ಪೆಟ್ರೋಲು ಅದನ್ನ ಸ್ವಲ್ಪ ಸರಿ ಮಾಡ್ತದೆ. ಶಿರಾಡಿ ಇಳಿದು ಮಂಗಳೂರಿಗೆ ಹೋದ್ರೆ ಗೊತ್ತಾಗ್ತದೆ ನಿಂಗೆ" ಅಂದರು. ಎರಡೂ ಒಂದೇ ಮಾತು. ಅವರದ್ದು ಘಾಟಿ ಇಳಿದು ಹತ್ತಿ ಬಂದದ್ದು.

ಆಮೇಲೆ ಜೆಟ್ಟುಗಳು. ಸೋಲೆಕ್ಸ್ ಜೆಟ್ಟಿನ ತಲೆ ಮೇಲೆ ಒಂದು ನಂಬರು ಕೆತ್ತಿರುತ್ತೆ; 120 ಅಂತಿದ್ದರೆ ತೂತು 1.20 ಮಿ.ಮೀ. ಅಂತ ಅರ್ಥ. ನಾನು ತೂತು ಕಟ್ಟಿದೆಯಲ್ಲ, ತಂತಿ ಹಾಕೋಣವಾ ಅಂದೆ. ಅವರು ತಲೆ ಅಲ್ಲಾಡಿಸಿದರು. ಹಿತ್ತಾಳೆ ಮೆತು, ತಂತಿ ಎಳೆದರೆ ತೂತು ದೊಡ್ಡದಾಗುತ್ತೆ, ಆಮೇಲೆ ಆ ನಂಬರಿಗೆ ಬೆಲೆ ಇಲ್ಲ. ತೊಳೆಯೋ ದ್ರಾವಣದಲ್ಲಿ ನೆನೆಸಿ, ಗಾಳಿ ಹೊಡೆದು, ಒರೆಸಿ, ಕಿವಿಯ ಹತ್ತಿರ ಹಿಡಿದು ಒಂದು ಸಣ್ಣ ರಬ್ಬರ್ ಕೊಳವೆಯಿಂದ ಊದಿದರು. "ಈಗ ಕಣ್ಣಿಗೆ ಕಾಣಲ್ಲ. ಸದ್ದು ಹೇಳ್ತದೆ." ನನ್ನ ಕಿವಿಗೂ ಹಿಡಿದರು. ಕಟ್ಟಿದ್ದಾಗ ಸುಯ್ ಅಂತ ಒಡೆದ ಸದ್ದು. ಸ್ವಚ್ಛವಾದ ಮೇಲೆ ಒಂದೇ ಎಳೆಯ ಸಿಳ್ಳು. ಗ್ಯಾಸ್ಕೆಟ್ಟಿಗೆ ಅಂಗಡಿಗೆ ಹೋಗಲಿಲ್ಲ. ಗ್ಯಾಸ್ಕೆಟ್ ಹಾಳೆಯನ್ನ ಕಾರ್ಬೊರೇಟರಿನ ತಳದ ಮೇಲೆ ಇಟ್ಟು ಸುತ್ತಿಗೆಯ ಗುಂಡು ತುದಿಯಿಂದ ಅಂಚಿನ ಗುಂಟ ಮೆಲ್ಲಗೆ ತಟ್ಟಿದರು. ಅಂಚು ತಾನೇ ಕತ್ತರಿಸಿತು. ಎರಡನೆಯದನ್ನ ನನ್ನ ಕೈಲಿ ತಟ್ಟಿಸಿದರು.

ರಬ್ಬರ್ ಪೊರೆ ಮಾತ್ರ ಇರಲಿಲ್ಲ. ಬೆಂಗಳೂರಿನ ಜೆ.ಸಿ. ರೋಡಿಗೆ ಫೋನ್ ಮಾಡಿದರು. ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವಲ್ಲ, ಆ ಟ್ಯಾಕ್ಸಿಗಳ ದೆಸೆಯಿಂದ ನಮಗೂ ಸಾಮಾನು ಸಿಗ್ತಿತ್ತು, ಇನ್ನು ಹುಡುಕಬೇಕು ಅಂದರು. ನಾಲ್ಕು ದಿನಕ್ಕೆ ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ಒಂದು ಕೇಳಿದ್ದೆ, ಎರಡು ತರಿಸಿದ್ದರು. "ಇನ್ನೊಂದು ನಿನ್ನ ಪೆಟ್ಟಿಗೇಲಿ ಇರ್ಲಿ. ಮುಂದಿನ ಸಲ ನಾನು ಇರ್ತೀನೋ ಇಲ್ವೋ."

ಮುಂದಿನ ಭಾನುವಾರ ಪಂಚೆಯ ಮೇಲಿನ ಸಾಲನ್ನ ಹಿಂದಿನಿಂದ ಮುಂದಕ್ಕೆ ಜೋಡಿಸ್ತಾ ಬಂದೆ. ತೊಟ್ಟಿ ತುಂಬೋ ತನಕ ಸ್ಟಾರ್ಟರ್ ನಾಲ್ಕೈದು ಸಲ ತಿರುಗಿಸಬೇಕಾಯ್ತು. ಆರನೇ ಸಲಕ್ಕೆ ಹಿಡೀತು. ಶೆಡ್ಡಿನ ತುಂಬ ಹೊಗೆ, ಕೋಳಿಗಳೆಲ್ಲ ಅಂಗಳಕ್ಕೆ. ಅಮ್ಮ ಓಡಿ ಬರ್ತಾರೆ ಅಂದುಕೊಂಡೆ, ಬರಲಿಲ್ಲ. ಬಂದದ್ದು ಅಪ್ಪ. ಬಾಗಿಲ ಹತ್ತಿರ ನಿಂತು, ಕೈ ಹಿಂದೆ ಕಟ್ಟಿಕೊಂಡು, ಸ್ವಲ್ಪ ಹೊತ್ತು ಕೇಳಿದರು.

"ಐಡಲ್ ಜಾಸ್ತಿ ಆಯ್ತು. ಇಳ್ಸು."

ಸ್ಕ್ರೂ ಯಾವುದು ಅಂತ ಅವರು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಕಾಲು ಸುತ್ತು ಇಳಿಸಿದೆ. ಸದ್ದು ಕೆಳಗೆ ಬಂದು ಒಂದು ಹದಕ್ಕೆ ನಿಂತಿತು. "ಹೂಂ" ಅಂದರು. ಮೂರನೇ ವಾರ ಗಾಡಿ ತನ್ನ ಕಾಲ ಮೇಲೆ ಸಕಲೇಶಪುರದ ಆರ್‌ಟಿಒಗೆ ಹೋಗಿ ಬಂತು. ಇನ್ನು ಐದು ವರ್ಷ.

ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂತು, ಇಡೀ ದೇಶಕ್ಕೆ 2005ರಲ್ಲಿ. ನಮ್ಮ ತೋಟದ ಪಹಣಿಯಲ್ಲಿ ನಾಳೆ ನನ್ನ ಹೆಸರು ಬರೋಕೆ ಯಾರ ಅಡ್ಡಿಯೂ ಇಲ್ಲ. ಆದರೆ ಯಾವ ಕಾನೂನೂ ಸಾಮಾನಿನ ಪೆಟ್ಟಿಗೆಯ ಬಗ್ಗೆ ಮಾತಾಡೋದಿಲ್ಲ. ಯಾವ ನಟ್ಟನ್ನ ಬಿಚ್ಚೋಕೆ ಮೊದಲು ಬಿಗಿ ಮಾಡಬೇಕು, ಜೆಟ್ಟು ಹೇಗೆ ಸಿಳ್ಳು ಹಾಕಬೇಕು ಅನ್ನೋದೆಲ್ಲ ನಮ್ಮ ಕಡೆ ಗಂಡುಮಕ್ಕಳಿಗೆ ಕೇಳದೇ ಸಿಗೋ ಪಾಲು. ಟಾರ್ಚು ಹಿಡ್ಕೋ ಬಾರೋ ಅಂತ ಹುಡುಗನನ್ನ ಕರೀತಾರೆ, ಅವನು ಹಿಡಿದು ಹಿಡಿದು ಕಲೀತಾನೆ. ನನ್ನನ್ನ ಕರೆದದ್ದು ಟೀ ತರೋಕೆ. ಇದು ಅಪ್ಪನ ಮೇಲಿನ ದೂರಲ್ಲ. ಅವರಿಗೆ ಹಾಗೆ ಹೊಳೆದೇ ಇರಲಿಲ್ಲ, ನನಗೂ ನಲವತ್ತು ದಾಟೋ ತನಕ ಹೊಳೆದಿರಲಿಲ್ಲ. ಆ ಪಾಲು ನನಗೆ ಬಂದದ್ದು ಒಬ್ಬರ ಕೈ ನಡುಗಿ, ಇನ್ನೊಬ್ಬರ ಕಣ್ಣು ಮಂಜಾದ ಮೇಲೆ, ಅಮ್ಮನ ಬಾಯಿಂದ.

ಹಳೇ ಗಾಡಿ ಇಟ್ಟವರಿಗೆ ಒಂದು ಮಾತು ಹೇಳ್ತೀನಿ, ಸಾಬ್ರು ನನಗೆ ಹೇಳಿದ್ದು. ಮಳೆಗಾಲಕ್ಕೆ ಗಾಡಿ ನಿಲ್ಲಿಸೋ ಮುಂಚೆ ಪೆಟ್ರೋಲ್ ಪೈಪು ಕಳಚಿ ಬಾಯಿ ಕಟ್ಟಿ, ತೊಟ್ಟಿಯಲ್ಲಿ ಇರೋದು ಖಾಲಿಯಾಗಿ ತಾನೇ ನಿಲ್ಲೋ ತನಕ ಇಂಜಿನ್ ಓಡಿಸಿ. ಇಲ್ಲಾ, ಹದಿನೈದು ದಿನಕ್ಕೊಮ್ಮೆ ಇಂಜಿನ್ ಬಿಸಿಯಾಗೋ ತನಕ ಓಡಿಸಿ. ತೋಟದ ವೀಡ್ ಕಟರಿಗೂ ಪುಟ್ಟ ಕಾರ್ಬೊರೇಟರ್ ಇರುತ್ತೆ, ಅದಕ್ಕೂ ಇದೇ ನಿಯಮ. ನಮ್ಮದನ್ನ ಡಿಸೆಂಬರಿನಲ್ಲಿ ನಾನೇ ಬಿಚ್ಚಿ ತೊಳೆದೆ.

ಬ್ರೋಕರ್ ಜನವರಿಯಲ್ಲಿ ಮತ್ತೆ ಬಂದಿದ್ದರು. ಅಪ್ಪ ಟೀ ಕೊಡಿಸಿ, ಮೆಣಸಿನ ರೇಟಿನ ಬಗ್ಗೆ ಮಾತಾಡಿ ಕಳಿಸಿದರು. ತೋಟದ ವಿಷಯಕ್ಕೆ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಫೆಬ್ರವರಿಯಲ್ಲಿ ರೊಬಸ್ಟಾಗೆ ಹೂವಿನ ನೀರು ಕೊಡೋ ಹೊತ್ತಾಯ್ತು. ಒಂದು ಬೆಳಿಗ್ಗೆ ಜಗಲಿಯಲ್ಲಿ ಎರಡೂ ಕೈಯಿಂದ ಕಾಫಿ ಲೋಟ ಹಿಡಿದುಕೊಂಡು ಅಪ್ಪ ಕೆರೆಯ ಕಡೆ ನೋಡ್ತಾ ಕೇಳಿದರು:

"ಸ್ಪ್ರಿಂಕ್ಲರ್ ಪಂಪ್‌ಸೆಟ್ ಯಾವಾಗ ನೋಡ್ತೀಯ?"